ಓದಿದ ಮೇಲೆ ಮೆಸೇಜ್ ಎಲ್ಲಿಗೆ ಹೋಗುತ್ತದೆ?

ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಕಳಿಸುವ ಕೆಲಸಗಳನ್ನು ಸಾಲಿನಲ್ಲಿ ಹಿಡಿದಿಡುವ ಮೆಸೇಜ್ ಕ್ಯೂ ಆರಿಸಲು ಕೂತರೆ ಮೊದಲು ಎದುರಾಗುವುದು 'ಸೆಕೆಂಡಿಗೆ ಇಷ್ಟು ಲಕ್ಷ' ಎನ್ನುವ ಅಂಕಿ. ಆರ್ಡರ್, ಬಿಲ್ಲಿಂಗ್, ದಾಸ್ತಾನಿನಂಥ ಕೆಲಸಗಳಿಗೆ ಆ ಅಂಕಿಯಿಂದ ಆಗಬೇಕಾದ್ದು ಏನೂ ಇಲ್ಲ. ದಿನಕ್ಕೆ 10 ಲಕ್ಷ ಆರ್ಡರ್ ಬಂದರೂ ಸರಾಸರಿ ಸೆಕೆಂಡಿಗೆ 12ರ ಒಳಗೇ. ದಟ್ಟಣೆಯ ಹೊತ್ತಿನಲ್ಲಿ 20 ಪಟ್ಟಾದರೂ 240 ದಾಟುವುದಿಲ್ಲ. ಇದನ್ನು ಹೊರಲಾರದ ಬ್ರೋಕರ್ (ಕ್ಯೂ ನಡೆಸುವ ತಂತ್ರಾಂಶ) ಇಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಓದಿದ ಮೇಲೆ ಮೆಸೇಜ್ ಏನಾಗುತ್ತದೆ? ಓದಿದ ಪ್ರೋಗ್ರಾಂ ಕೆಲಸದ ನಡುವೆ ಸತ್ತರೆ ಏನಾಗುತ್ತದೆ?

ರ‍್ಯಾಬಿಟ್‌ಎಂಕ್ಯೂ, ಆಕ್ಟಿವ್‌ಎಂಕ್ಯೂ, ಐಬಿಎಂ ಎಂಕ್ಯೂ, ಅಮೆಜಾನ್ ಎಸ್‌ಕ್ಯೂಎಸ್ ಇವೆಲ್ಲ ಮೂಲತಃ ನಿಜವಾದ ಕ್ಯೂಗಳು. ಕೆಲಸ ಮುಗಿಯಿತೆಂದು ಕನ್ಸ್ಯೂಮರ್ (ಮೆಸೇಜ್ ಓದುವ ಪ್ರೋಗ್ರಾಂ) ತಿಳಿಸಿದರೆ ಆ ಮೆಸೇಜ್ ಅಳಿಯುತ್ತದೆ. ತಿಳಿಸದೆ ಸತ್ತರೆ ಇನ್ನೊಬ್ಬರ ಕೈಗೆ ಹೋಗುತ್ತದೆ. ಕಾಫ್ಕಾ ಹಾಗಲ್ಲ, ಅದೊಂದು ದಿನಚರಿ ಪುಸ್ತಕ. ಓದಿದರೂ ಸಾಲು ಅಳಿಯುವುದಿಲ್ಲ, ಡಿಫಾಲ್ಟ್ ಆಗಿ 7 ದಿನ ಇರುತ್ತದೆ. ಎಲ್ಲಿಯವರೆಗೆ ಓದಿ ಆಯಿತು ಎಂಬ ಆಫ್‌ಸೆಟ್ ಸಂಖ್ಯೆಯನ್ನಷ್ಟೇ ಪುಸ್ತಕದ ಪ್ರತಿ ಭಾಗಕ್ಕೂ, ಅಂದರೆ ಪಾರ್ಟಿಷನ್‌ಗೂ, ಗುರುತಿಟ್ಟುಕೊಳ್ಳುತ್ತದೆ.

ಈ ವ್ಯತ್ಯಾಸ ನಿಜಕ್ಕೂ ಕಚ್ಚುವುದು ಒಂದು ಕೆಟ್ಟ ಮೆಸೇಜ್ ಬಂದಾಗ. ಮೊತ್ತದ ಜಾಗದಲ್ಲಿ ಅಕ್ಷರವಿರುವ ಒಂದು ಇನ್‌ವಾಯ್ಸ್ ಬಂತು ಎನ್ನಿ. ಪ್ರತಿ ಸಲವೂ ಪ್ರೋಗ್ರಾಂ ಮುಗ್ಗರಿಸುತ್ತದೆ. ಕಾಫ್ಕಾದ ಸಾಮಾನ್ಯ ಕನ್ಸ್ಯೂಮರ್ ಗುಂಪಿನಲ್ಲಿ (ಪಾರ್ಟಿಷನ್‌ಗಳನ್ನು ಹಂಚಿಕೊಂಡು ಓದುವ ಕನ್ಸ್ಯೂಮರ್‌ಗಳು) ಗುರುತು ಒಂದೇ ಸಂಖ್ಯೆಯಾದ್ದರಿಂದ ಅದನ್ನು ದಾಟದೆ ಮುಂದೆ ಹೋಗುವಂತಿಲ್ಲ. ಆ ಪಾರ್ಟಿಷನ್‌ನಲ್ಲಿ ಅದರ ನಂತರ ಬಂದ ಸಾಲೆಲ್ಲ ನಿಂತುಬಿಡುತ್ತದೆ. ಕೆಟ್ಟದ್ದನ್ನು ಬೇರೆ ಟಾಪಿಕ್‌ಗೆ (ಅಂದರೆ ಬೇರೆ ಪುಸ್ತಕಕ್ಕೆ) ಎತ್ತಿ ಹಾಕಿ ಮುಂದೆ ಹೋಗುವ ಕೋಡ್ ನೀವೇ ಬರೆಯಬೇಕು, ಆಗ ಅದೇ ಗ್ರಾಹಕರ ಮೆಸೇಜ್‌ಗಳ ಅನುಕ್ರಮ ತಪ್ಪುತ್ತದೆ. ರ‍್ಯಾಬಿಟ್‌ಎಂಕ್ಯೂನಲ್ಲಿ ಉಳಿದವು ಪಕ್ಕದಿಂದ ಸಾಗುತ್ತವೆ, ಆದರೆ ಕೆಟ್ಟದ್ದನ್ನು ಮರಳಿ ಕ್ಯೂಗೆ ಹಾಕಿದರೆ ಅದೇ ಮತ್ತೆ ಮತ್ತೆ ಬಂದು ಸಿಪಿಯು ತಿನ್ನುತ್ತದೆ. 4.0 ಆವೃತ್ತಿಯಿಂದ ಕ್ವೋರಮ್ ಕ್ಯೂಗಳಿಗೆ (ಹಲವು ಸರ್ವರ್‌ಗಳಲ್ಲಿ ಪ್ರತಿ ಇಡುವ ಬಗೆ) ಇದಕ್ಕೆ ಡಿಫಾಲ್ಟ್ ಆಗಿ 20 ಸಲದ ಮಿತಿ ಬಂದಿದೆ. ಎಚ್ಚರ: ಕೆಟ್ಟ ಮೆಸೇಜ್‌ಗಳನ್ನು ಬೇರೆಡೆಗೆ ಕಳಿಸುವ ಡೆಡ್ ಲೆಟರ್ ಎಕ್ಸ್‌ಚೇಂಜ್ ಹೊಂದಿಸಿರದಿದ್ದರೆ ಮಿತಿ ದಾಟಿದ ಮೆಸೇಜ್ ಸದ್ದಿಲ್ಲದೆ ಮಾಯವಾಗುತ್ತದೆ. ಕ್ಯೂ ಮಾಡುವ ದಿನವೇ ಅದನ್ನೂ ಮಾಡಿಡಿ.

ಎರಡನೆಯದು ಒಂದು ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು. ಎಸ್‌ಕ್ಯೂಎಸ್‌ನಲ್ಲಿ ಓದಿದ ಮೆಸೇಜ್ ಡಿಫಾಲ್ಟ್ ಆಗಿ 30 ಸೆಕೆಂಡು ಮಾತ್ರ ಮರೆಯಾಗಿರುತ್ತದೆ; 40 ಸೆಕೆಂಡಿನ ಪಿಡಿಎಫ್ ಕೆಲಸವಾದರೆ ಇನ್ನೊಬ್ಬ ವರ್ಕರ್ ಅದನ್ನೇ ಶುರುಮಾಡಿರುತ್ತಾನೆ. 12 ಗಂಟೆಯವರೆಗೂ ಏರಿಸಬಹುದು. ಕಾಫ್ಕಾ ಕನ್ಸ್ಯೂಮರ್ ಡಿಫಾಲ್ಟ್ ಆಗಿ ಒಂದು ಸಲಕ್ಕೆ 500 ದಾಖಲೆಗಳವರೆಗೆ ತರುತ್ತದೆ, ಮುಂದಿನ ಪೋಲ್ (ಇನ್ನಷ್ಟು ಕೊಡಿ ಎಂಬ ಕೋರಿಕೆ) 5 ನಿಮಿಷದೊಳಗೆ ಬರಬೇಕು. ದಾಖಲೆಗೆ 1 ಸೆಕೆಂಡು ಹಿಡಿದರೆ 500 ಸೆಕೆಂಡು; 300ಕ್ಕೇ ಗುಂಪಿನಿಂದ ಹೊರಗೆ. ಪಾರ್ಟಿಷನ್ ಮತ್ತೊಬ್ಬನಿಗೆ ಹೋಗುತ್ತದೆ, ಅವನೂ ಅಲ್ಲಿಂದಲೇ ಶುರುಮಾಡಿ ಅಲ್ಲೇ ಹೊರಬೀಳುತ್ತಾನೆ. ಹೊರಗಿನಿಂದ ನೋಡಿದರೆ ಎಲ್ಲರೂ ದುಡಿಯುತ್ತಿರುತ್ತಾರೆ, ಆಫ್‌ಸೆಟ್ ಮಾತ್ರ ಕದಲುವುದಿಲ್ಲ! ತರುವ ದಾಖಲೆಗಳನ್ನು 50ಕ್ಕೆ ಇಳಿಸಿದರೆ ಸರಿಹೋಗುತ್ತದೆ. ರ‍್ಯಾಬಿಟ್‌ಎಂಕ್ಯೂ 'ಕೆಲಸ ಮುಗಿಯಿತು' ಎಂಬ ಸುದ್ದಿಗಾಗಿ ಡಿಫಾಲ್ಟ್ ಆಗಿ 30 ನಿಮಿಷ ಕಾದು, ಬರದಿದ್ದರೆ ಚಾನೆಲ್ (ಕನ್ಸ್ಯೂಮರ್ ಜೊತೆಗಿನ ಸಂಪರ್ಕ) ಮುಚ್ಚುತ್ತದೆ. ಅಲ್ಲಿ ಪ್ರಿಫೆಚ್‌ಗೆ, ಅಂದರೆ ಒಬ್ಬ ಕನ್ಸ್ಯೂಮರ್ ಮುಂಗಡವಾಗಿ ಪಡೆಯುವ ಮೆಸೇಜ್‌ಗಳಿಗೆ, ಮಿತಿ ಹಾಕದಿದ್ದರೆ ಮೊದಲು ಬಂದ ಕನ್ಸ್ಯೂಮರ್ ಇಡೀ ಸಾಲನ್ನು ಬಾಚಿಕೊಂಡು ಉಳಿದವರನ್ನು ಖಾಲಿ ಕೂರಿಸುತ್ತಾನೆ. ನಿಧಾನದ ಕೆಲಸಕ್ಕೆ 1, ಚುರುಕಾದದ್ದಕ್ಕೆ 20ರಿಂದ 50 ಇಟ್ಟು ಶುರುಮಾಡಿ.

ಹೊಸ ಬ್ರೋಕರ್ ಬೇಕೇ ಎಂದೂ ಒಮ್ಮೆ ಕೇಳಿಕೊಳ್ಳಿ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಈಗಾಗಲೇ ಇದ್ದರೆ, 9.5ರಿಂದ ಬಂದಿರುವ 'ಸ್ಕಿಪ್ ಲಾಕ್ಡ್' (ಬೇರೆಯವರು ಹಿಡಿದಿರುವ ಸಾಲನ್ನು ಬಿಟ್ಟು ಮುಂದಿನದನ್ನು ಎತ್ತಿಕೊಳ್ಳುವ) ಸೌಲಭ್ಯದಿಂದ ಒಂದು ಟೇಬಲ್ಲನ್ನೇ ಕ್ಯೂ ಮಾಡಿಕೊಳ್ಳಬಹುದು. ಸೆಕೆಂಡಿಗೆ ಕೆಲವು ನೂರರವರೆಗೆ ನನ್ನ ಮೊದಲ ಆಯ್ಕೆ ಇದೇ. ಆರ್ಡರ್ ಉಳಿಸುವುದು, ಕೆಲಸ ಸಾಲಿಗೆ ಸೇರಿಸುವುದು ಎರಡೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಮುಗಿಯುತ್ತವೆ: ಆದರೆ ಎರಡೂ, ಇಲ್ಲವಾದರೆ ಯಾವುದೂ ಇಲ್ಲ. ಕೆಡುವ ಜಾಗ ಒಂದಿದೆ: ಅದೇ ಡೇಟಾಬೇಸಿನಲ್ಲಿ ಗಂಟೆಗಟ್ಟಲೆ ಓಡುವ ವರದಿ ಇದ್ದರೆ, ಅಳಿಸಿದ ಸಾಲುಗಳನ್ನು ಪೋಸ್ಟ್‌ಗ್ರೆಸ್‌ನ ಕಸ ತೆಗೆಯುವ ಕೆಲಸವಾದ ವ್ಯಾಕ್ಯೂಮ್ ಗುಡಿಸಲಾರದು, ಟೇಬಲ್ ಊದಿಕೊಂಡು ಪ್ರತಿ ಓದೂ ನಿಧಾನವಾಗುತ್ತದೆ. ವರದಿಗಳನ್ನು ಡೇಟಾಬೇಸಿನ ಪ್ರತಿಕೃತಿಗೆ ಸಾಗಹಾಕಿ.

ಕೆಲಸ ಹಂಚುವುದಷ್ಟೇ ಗುರಿಯಾಗಿ ಹಲವು ಸೇವೆಗಳಿದ್ದರೆ ರ‍್ಯಾಬಿಟ್‌ಎಂಕ್ಯೂ, ಎಲ್ಲವೂ ಎಡಬ್ಲ್ಯೂಎಸ್‌ನಲ್ಲೇ ಇದ್ದರೆ ಎಸ್‌ಕ್ಯೂಎಸ್. ಅದೇ ಘಟನೆಯನ್ನು ಲೆಕ್ಕಪತ್ರ, ವಿಶ್ಲೇಷಣೆ, ಹುಡುಕಾಟ ಮೂರೂ ವಿಭಾಗ ತಮ್ಮ ವೇಗದಲ್ಲಿ ಓದಬೇಕು, ಕಳೆದ ವಾರದ್ದನ್ನು ಮತ್ತೆ ಓಡಿಸಬೇಕು ಎಂದಾದರೆ ಮಾತ್ರ ಕಾಫ್ಕಾ. ಪಾರ್ಟಿಷನ್ ಸಂಖ್ಯೆಯನ್ನು ಮೊದಲೇ ಯೋಚಿಸಿ ಇಡಿ: ಆಮೇಲೆ ಹೆಚ್ಚಿಸಿದರೆ ಅದೇ ಕೀ (ಮೆಸೇಜ್ ಯಾವ ಪಾರ್ಟಿಷನ್‌ಗೆ ಎಂದು ನಿರ್ಧರಿಸುವ, ಗ್ರಾಹಕರ ಸಂಖ್ಯೆಯಂಥ ಗುರುತು) ಬೇರೆ ಪಾರ್ಟಿಷನ್‌ಗೆ ಬೀಳಬಹುದು, ಇಳಿಸಲಂತೂ ಬರುವುದಿಲ್ಲ. ಐಬಿಎಂ ಎಂಕ್ಯೂ ಮೈನ್‌ಫ್ರೇಮ್ ಜೊತೆ ಆಗಲೇ ಓಡುತ್ತಿದ್ದರೆ ಹಳೆಯದೆಂದು ಕಿತ್ತೆಸೆಯಬೇಡಿ. ಡೇಟಾಬೇಸ್ ಮತ್ತು ಕ್ಯೂ ಎರಡನ್ನೂ ಒಟ್ಟಿಗೆ ಕಮಿಟ್ ಮಾಡುವ ಎಕ್ಸ್‌ಎ ಬೆಂಬಲ ಕಾಫ್ಕಾದಲ್ಲಿ ಸಿಗದು.

ಯಾವುದನ್ನೇ ಆರಿಸಿ, ಅದೇ ಮೆಸೇಜ್ ಎರಡು ಸಲ ಬಂದೇ ಬರುತ್ತದೆ. ಒಂದೇ ಮೆಸೇಜ್ ಸಂಖ್ಯೆಯನ್ನು ಎರಡನೇ ಸಲ ಸೇರಿಸಲು ಬಿಡದ ಯೂನಿಕ್ ಇಂಡೆಕ್ಸ್ ಇರುವ ಟೇಬಲ್ಲೊಂದನ್ನು ಇಟ್ಟು, ಕೆಲಸ ನಡೆಯುವ ಟ್ರಾನ್ಸಾಕ್ಷನ್ನಿನಲ್ಲೇ ಅದಕ್ಕೂ ಒಂದು ಸಾಲು ಸೇರಿಸಿ. ಕಳೆದುಹೋಗದಿರಲು ರ‍್ಯಾಬಿಟ್‌ಎಂಕ್ಯೂನಲ್ಲಿ ಡ್ಯೂರಬಲ್ ಕ್ಯೂ (ಬ್ರೋಕರ್ ಮರುಚಾಲೂ ಆದರೂ ಉಳಿಯುವುದು), ಪರ್ಸಿಸ್ಟೆಂಟ್ ಮೆಸೇಜ್ (ಡಿಸ್ಕ್‌ಗೆ ಬರೆದದ್ದು), ಪಬ್ಲಿಷರ್ ಕನ್ಫರ್ಮ್ (ತಲುಪಿತೆಂದು ಕಳಿಸಿದವರಿಗೆ ಬರುವ ಉತ್ತರ) ಮೂರೂ ಬೇಕು. ಕಾಫ್ಕಾದಲ್ಲಿ ಮೂರು ಪ್ರತಿ ಇಟ್ಟು 'ಆಕ್ಸ್ ಆಲ್' (ಸಿಂಕ್‌ನಲ್ಲಿರುವ ಎಲ್ಲ ಪ್ರತಿಗಳೂ ಬರೆದ ಮೇಲೆಯೇ ಒಪ್ಪಿಗೆ) ಅಂದರೂ ಸಾಲದು. ಸಿಂಕ್‌ನಲ್ಲಿರಬೇಕಾದ ಕನಿಷ್ಠ ಪ್ರತಿಗಳ ಡಿಫಾಲ್ಟ್ 1, ಅದನ್ನು 2 ಮಾಡಿ.

ಲೈವ್‌ಗೆ ಬಿಡುವ ಮುಂಚೆ ಕೆಲಸದ ನಡುವೆ ವರ್ಕರನ್ನು ಕೊಂದು ನೋಡಿ, ಡಿಸ್ಕ್ ತುಂಬಿಸಿ ನೋಡಿ. ಡಿಸ್ಕ್ ಅಥವಾ ಮೆಮೊರಿ ಮಿತಿ ಮೀರಿದರೆ ರ‍್ಯಾಬಿಟ್‌ಎಂಕ್ಯೂ ಮೆಸೇಜ್ ಕಳಿಸುವ ಕನೆಕ್ಷನ್‌ಗಳನ್ನು ತಡೆಹಿಡಿಯುತ್ತದೆ. ಓದುವುದಕ್ಕೂ ಅದೇ ಕನೆಕ್ಷನ್ ಬಳಸಿದ್ದರೆ 'ಕೆಲಸ ಮುಗಿಯಿತು' ಎಂಬ ಸುದ್ದಿಯೂ ಅಲ್ಲೇ ಸಿಕ್ಕಿಬೀಳುತ್ತದೆ, ಕ್ಯೂ ಖಾಲಿಯಾಗುವುದಿಲ್ಲ, ತಡೆಯೂ ತೆಗೆಯುವುದಿಲ್ಲ. ಕಳಿಸಲು ಒಂದು, ಓದಲು ಇನ್ನೊಂದು ಕನೆಕ್ಷನ್ ಇಡಿ.