‘ಅರ್ಥ ಆಯ್ತಾ?’ ಎಂದು ಕೇಳದ ದಿನ

ಕೆಟಿ (ನಾಲೆಜ್ ಟ್ರಾನ್ಸ್‌ಫರ್, ಅಂದರೆ ಒಂದು ಸಾಫ್ಟ್‌ವೇರ್ ಸಿಸ್ಟಮ್ ನೋಡಿಕೊಳ್ಳುತ್ತಿದ್ದ ಹಳೆಯ ತಂಡ ಹೊಸ ತಂಡಕ್ಕೆ ಕೆಲಸ ಕಲಿಸಿ ಒಪ್ಪಿಸುವುದು) ಮುಗಿಯುತ್ತ ಬಂದಾಗ ಎಕ್ಸೆಲ್ ಶೀಟೆಲ್ಲ ಹಸಿರಾಗಿರುತ್ತದೆ. ನಾಲ್ಕು ವಾರ, ದಿನಕ್ಕೆರಡು ಸೆಷನ್, ಎಲ್ಲದಕ್ಕೂ ರೆಕಾರ್ಡಿಂಗ್, ಪ್ರತಿ ಸಾಲಿನ ಮುಂದೆ ‘ಪೂರ್ಣ’. ಹೇಳಿಕೊಟ್ಟದ್ದು ಪೂರ್ಣ, ನಿಜ. ಕಲಿತದ್ದೆಷ್ಟು ಎನ್ನುವುದಕ್ಕೆ ಆ ಶೀಟಿನಲ್ಲಿ ಕಾಲಮ್ಮೇ ಇರುವುದಿಲ್ಲ. ಸೆಷನ್ನಿನ ಕೊನೆಗೆ ‘ಅರ್ಥ ಆಯ್ತಾ?’ ಎಂದರೆ ‘ಆಯ್ತು ಸರ್’ ಅನ್ನದೆ ಇನ್ನೇನು ಅಂದಾರು? ಅದಕ್ಕೇ ಸೈನ್‌ಆಫ್‌ಗೆ, ಅಂದರೆ ಕೆಟಿ ಮುಗಿಯಿತೆಂದು ಸಹಿ ಹಾಕುವುದಕ್ಕೆ, ಮುಂಚೆ ಒಂದು ಇಡೀ ದಿನ ಎತ್ತಿಟ್ಟು, ಹೊಸ ತಂಡದ ಕೈಗೆ ಕೀಬೋರ್ಡ್ ಕೊಟ್ಟು ನೋಡಬೇಕು. ರಿವರ್ಸ್ ಕೆಟಿ ಅನ್ನುವುದು ಇದನ್ನೇ. ಆದರೆ ಬಹಳ ಕಡೆ ಹೊಸಬರು ಹಳಬರ ಪಿಪಿಟಿಯನ್ನೇ ಮಗ್ಗಿಯ ಹಾಗೆ ಒಪ್ಪಿಸುತ್ತಾರೆ, ಅಲ್ಲಿಗೆ ಮುಗಿಯಿತು.

ಸಿದ್ಧತೆ ಹಿಂದಿನ ಸಂಜೆಯೇ ಆಗಬೇಕು. ಕ್ವಾಲಿಟಿ ಸಿಸ್ಟಮ್ಮಿನಲ್ಲಿ (ಪರೀಕ್ಷೆಗೆಂದೇ ಇರುವ ಪ್ರತಿ) ಮೂರು ತೊಂದರೆಗಳನ್ನು ಬೇಕೆಂದೇ ಹುದುಗಿಸಿಡುವುದು: ದಿನನಿತ್ಯದ್ದೊಂದು, ತಿಂಗಳ ಕೊನೆಯದೊಂದು, ಯಾವ ಡಾಕ್ಯುಮೆಂಟಿನಲ್ಲೂ ಇಲ್ಲದ್ದೊಂದು. ಮೂರನ್ನೂ ಹಳೆಯ ಟಿಕೆಟ್‌ಗಳಿಂದ, ಅಂದರೆ ಹಿಂದೆ ದಾಖಲಾದ ದೂರುಗಳಿಂದ, ಆರಿಸಿ. ನಾವು ಕೂತು ಕಲ್ಪಿಸಿದ ತೊಂದರೆ ನಿಜವಾದದ್ದರಷ್ಟು ವಕ್ರವಾಗಿರುವುದಿಲ್ಲ. ಹಳಬರು ಕಾಲ್‌ನಲ್ಲಿ ಇರಬೇಕು, ಆದರೆ ಮೈಕ್ ಮ್ಯೂಟ್. ಆ ದಿನದ ಅತಿ ಕಷ್ಟದ ನಿಯಮ ಇದೇ. ವರ್ಷಗಟ್ಟಲೆ ಒಂದು ಸಿಸ್ಟಮ್ ಸಾಕಿದವರಿಗೆ ಸುಮ್ಮನೆ ಕೂರಲು ಆಗುವುದಿಲ್ಲ. ಗಮನಿಸುವವರ ಹಾಳೆಯಲ್ಲಿ ನಾಲ್ಕೇ ವಿಷಯ: ಮೊದಲು ತೆರೆದ ಸ್ಕ್ರೀನ್ ಯಾವುದು, ಮೊದಲು ಕೇಳಿದ ಪ್ರಶ್ನೆ ಏನು, ರನ್‌ಬುಕ್ (ಯಾವ ತೊಂದರೆಗೆ ಏನು ಮಾಡಬೇಕೆಂದು ಬರೆದಿಟ್ಟ ಕೈಪಿಡಿ) ತೆರೆದರೇ, ಎಷ್ಟು ಸುಳಿವು ಬೇಕಾಯಿತು.

ಸ್ಯಾಪ್ (ಕಂಪನಿಗಳ ಲೆಕ್ಕಪತ್ರ, ವ್ಯವಹಾರ ನಡೆಸುವ ಸಾಫ್ಟ್‌ವೇರ್) ಪ್ರಾಜೆಕ್ಟ್ ಎಂದುಕೊಳ್ಳಿ. ಅದರಲ್ಲಿ ಪ್ರತಿ ಸ್ಕ್ರೀನಿಗೂ ಎಸ್‌ಎಂ37ರಂಥ ಒಂದು ಕೋಡ್ ಇರುತ್ತದೆ. ಬೆಳಗಿನ ಮೊದಲ ತೊಂದರೆ ಸಣ್ಣದು. ರಾತ್ರಿ ತಾನಾಗಿ ಓಡಬೇಕಾದ ಜಾಬ್ ನಿಂತಿದೆ. ಎಸ್‌ಎಂ37ರಲ್ಲಿ ಲಾಗ್ ಓದಿದರೆ ಯಾರದೋ ಲಾಕ್ (ಒಬ್ಬರು ತಿದ್ದುತ್ತಿರುವ ದಾಖಲೆಯನ್ನು ಇನ್ನೊಬ್ಬರು ಮುಟ್ಟದಂತೆ ಬೀಳುವ ಬೀಗ) ಅಡ್ಡ ಬಂದದ್ದು ಕಾಣುತ್ತದೆ. ಎಸ್‌ಎಂ12ಕ್ಕೆ ಹೋಗಿ ಲಾಕನ್ನು ಸೀದಾ ಅಳಿಸುತ್ತಾರೋ, ಲಾಕ್ ಹಿಡಿದವರಿಗೆ ಮೊದಲು ಒಂದು ಮೆಸೇಜ್ ಹಾಕುತ್ತಾರೋ, ಅಷ್ಟು ನೋಡಿದರೆ ಸಾಕು.

ಎರಡನೆಯದರಲ್ಲಿ ಅರ್ಧ ದಿನ ಹೋಗುತ್ತದೆ, ಹೋಗಲಿ. ಸಪ್ಲೈಯರ್ ಬಿಲ್ಲುಗಳ 12 ಐಡಾಕ್‌ಗಳು (ಹೊರಗಿನಿಂದ ಸ್ಯಾಪ್‌ಗೆ ಬರುವ ಎಲೆಕ್ಟ್ರಾನಿಕ್ ದಾಖಲೆಗಳು) ಸ್ಟೇಟಸ್ 51ರಲ್ಲಿ, ಅಂದರೆ ಲೆಕ್ಕಕ್ಕೆ ಸೇರದೆ, ನಿಂತಿವೆ. ಡಬ್ಲ್ಯುಇ02 ತೆರೆದು ಸ್ಟೇಟಸ್ ರೆಕಾರ್ಡ್ ಓದಿದರೆ ಪೋಸ್ಟಿಂಗ್ ಪೀರಿಯಡ್ (ಲೆಕ್ಕ ಬರೆಯಲು ತೆರೆದಿರಬೇಕಾದ ತಿಂಗಳು) ತೆರೆದಿಲ್ಲ ಎಂದಿದೆ. ಇಲ್ಲಿಯವರೆಗೆ ಯಾರಾದರೂ ಬರುತ್ತಾರೆ. ಒಬಿ52ರಲ್ಲಿ ಪೀರಿಯಡ್ ತೆರೆಯುವುದು ಒಂದು ನಿಮಿಷದ ಕೆಲಸ, ಕ್ವಾಲಿಟಿಯಲ್ಲಿ ಅಧಿಕಾರವೂ ಇರುತ್ತದೆ. ಪರೀಕ್ಷೆ ಇರುವುದೇ ಅಲ್ಲಿ. ಪೀರಿಯಡ್ ತೆರೆಯುವ ನಿರ್ಧಾರ ಫೈನಾನ್ಸ್‌ನವರದು, ಸಪೋರ್ಟ್ ತಂಡದ್ದಲ್ಲ. ‘ಇದಕ್ಕೆ ಯಾರನ್ನ ಕೇಳಬೇಕು?’ ಎಂಬ ಮಾತು ಬಾಯಿಂದ ಬಂದರೆ ಗೆದ್ದರು. ಬರದೆ ಕೈ ನೇರ ಒಬಿ52ಕ್ಕೆ ಹೋದರೆ, ಸ್ಕ್ರೀನ್ ಎಷ್ಟೇ ಚೆನ್ನಾಗಿ ಗೊತ್ತಿರಲಿ, ಕೆಟಿ ಆಗಿಲ್ಲ.

ಪೀರಿಯಡ್ ತೆರೆದ ಮೇಲೆ ಬಿಡಿ87ರಲ್ಲಿ ಎಲ್ಲವನ್ನೂ ಆರಿಸಿ ಮತ್ತೆ ಓಡಿಸುತ್ತಾರೆ. ಹನ್ನೆರಡೂ 53ಕ್ಕೆ (ಲೆಕ್ಕಕ್ಕೆ ಸೇರಿತು) ಬರುತ್ತವೆ, ಮುಖದಲ್ಲಿ ನೆಮ್ಮದಿ. ಆದರೆ ಆ ಹನ್ನೆರಡರಲ್ಲಿ ಮೂರು ಬಿಲ್ಲುಗಳನ್ನು ಅಕೌಂಟ್ಸ್‌ನವರು ಆಗಲೇ ಕೈಯಲ್ಲಿ ಎಂಟ್ರಿ ಮಾಡಿದ್ದಾರೆ, ಹಾಗೆಂದೇ ಹುದುಗಿಸಿಟ್ಟದ್ದು. ಒಂದೇ ಬಿಲ್ಲು ಎರಡು ಸಲ ಬಂದರೆ ತಡೆಯುವ ಡಬಲ್ ಇನ್‌ವಾಯ್ಸ್ ಚೆಕ್ ಹಿಡಿಯುವುದಿಲ್ಲವೇ ಎಂದರೆ, ಅದು ಬಿಲ್ ನಂಬರನ್ನು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಫೈಲಿನಲ್ಲಿ ಅಡ್ಡಗೆರೆ ಸೇರಿ ಬಂದ ನಂಬರನ್ನು ಕೈಯಲ್ಲಿ ಅಡ್ಡಗೆರೆ ಬಿಟ್ಟು ಟೈಪ್ ಮಾಡಿದ್ದರೆ ಅದರ ಲೆಕ್ಕದಲ್ಲಿ ಅದು ಬೇರೆಯೇ ಬಿಲ್ಲು. ನಿಜದ ಸಿಸ್ಟಮ್ಮಿನಲ್ಲಿ ಇದು ಸಪ್ಲೈಯರ್‌ಗೆ ಎರಡು ಸಲ ದುಡ್ಡು. ಸರಿಯಾದ ದಾರಿ: ಪಟ್ಟಿಯನ್ನು ಅಕೌಂಟ್ಸ್‌ಗೆ ಕಳಿಸಿ ಕೈಯಲ್ಲಿ ಹಾಕಿದವು ಯಾವುವು ಎಂದು ಕೇಳುವುದು, ಆ ಮೂರನ್ನು 68ಕ್ಕೆ (ಇನ್ನು ಓಡಿಸಬೇಕಿಲ್ಲ) ಬದಲಿಸಿ ಮುಚ್ಚುವುದು, ಉಳಿದ ಒಂಬತ್ತನ್ನು ಮಾತ್ರ ಓಡಿಸುವುದು.

ಸಾಮಾನ್ಯವಾಗಿ ಈ ಹೊತ್ತಿಗೇ ಮ್ಯೂಟ್ ಮುರಿಯುತ್ತದೆ. ‘ಓ, ಇದನ್ನ ಹೇಳೋದೇ ಮರೆತಿದ್ದೆ.’ ಇಡೀ ದಿನದ ಬೆಲೆ ಆ ಒಂದು ವಾಕ್ಯಕ್ಕಿದೆ. ಹಳಬರು ಮುಚ್ಚಿಟ್ಟದ್ದೇನಲ್ಲ, ಪ್ರತಿ ತಿಂಗಳು ಮಾಡಿ ಮಾಡಿ ಅದು ಹೇಳಬೇಕಾದ ವಿಷಯ ಅಂತಲೇ ಅವರಿಗೆ ಅನ್ನಿಸಿರುವುದಿಲ್ಲ. ಡೆನ್ಮಾರ್ಕಿನ ಕಂಪ್ಯೂಟರ್ ವಿಜ್ಞಾನಿ ಪೀಟರ್ ನೌರ್ 1985ರಲ್ಲೇ ಹೇಳಿದ್ದರು, ಪ್ರೋಗ್ರಾಮಿನ ತಿರುಳು ಅದನ್ನು ಕಟ್ಟಿದವರ ತಲೆಯಲ್ಲಿರುತ್ತದೆ, ಕೋಡು ಮತ್ತು ದಾಖಲೆಯಿಂದಷ್ಟೇ ಅದು ಮತ್ತೆ ಹುಟ್ಟುವುದಿಲ್ಲ ಎಂದು. ಹಾಗಾಗಿ ಆ ದಿನ ಪರೀಕ್ಷೆ ನಡೆಯುವುದು ಹೊಸಬರದ್ದು ಎಷ್ಟೋ, ರನ್‌ಬುಕ್ಕಿನದೂ ಅಷ್ಟೇ.

ಮೂರನೆಯದರಲ್ಲಿ ನಮ್ಮ ಸಿಸ್ಟಮ್ಮಿನ ತಪ್ಪೇ ಇರುವುದಿಲ್ಲ. ಬರಬೇಕಾದ ಫೈಲ್ ಬಂದಿಲ್ಲ, ಅದನ್ನು ಕಳಿಸುವ ಕಡೆಯವರ ಸರ್ಟಿಫಿಕೇಟ್ (ಕಂಪ್ಯೂಟರ್‌ಗಳು ಪರಸ್ಪರ ನಂಬಲು ಬಳಸುವ ಡಿಜಿಟಲ್ ಗುರುತುಪತ್ರ) ಅವಧಿ ಮುಗಿದಿದೆ. ಎಷ್ಟು ಹೊತ್ತು ನಮ್ಮೊಳಗೇ ಹುಡುಕಾಡಿದ ಮೇಲೆ ಫೋನ್ ಎತ್ತುತ್ತಾರೆ, ಯಾರಿಗೆ ಎತ್ತುತ್ತಾರೆ, ಇಷ್ಟೇ ನೋಡುವುದು. ಕಾಂಟ್ಯಾಕ್ಟ್ ಪಟ್ಟಿಯಲ್ಲಿರುವ ಹೆಸರು ಕೆಲಸ ಬಿಟ್ಟು ಎಷ್ಟೋ ಕಾಲ ಆಗಿರುವುದೂ ಆಗಲೇ ಗೊತ್ತಾಗುತ್ತದೆ.

ಅಂಕಕ್ಕೆ 0ರಿಂದ 3ರ ಅಳತೆ ಸಾಕು. ಆಗಲೇ ಇಲ್ಲ, 0. ಸುಳಿವು ಕೊಟ್ಟ ಮೇಲೆ ಆಯಿತು, 1. ರನ್‌ಬುಕ್ ನೋಡಿಕೊಂಡು ಆಯಿತು, 2. ತಾನೇ ಮಾಡಿ, ಯಾಕೆ ಹಾಗೆ ಎಂದೂ ಹೇಳಿದರು, 3. ನೂರಕ್ಕೆ ಇಷ್ಟು ಎಂದು ಲೆಕ್ಕ ಹಾಕುವ ಮೋಹ ಬೇಡ, ಸರಾಸರಿಯಂತೂ ಬೇಡವೇ ಬೇಡ. ಹತ್ತು ವಿಷಯದಲ್ಲಿ ಒಂಬತ್ತಕ್ಕೆ 3, ತಿಂಗಳ ಕೊನೆಯ ಕ್ಲೋಸಿಂಗಿಗೆ 0 ಬಂದರೆ ಸರಾಸರಿ 2.7. ನೋಡಲು ಚೆಂದ, ಆ ತಿಂಗಳ ಮಟ್ಟಿಗೆ ಅನಾಹುತ. ದುಡ್ಡು ಅಥವಾ ಗಡುವು ಮುಟ್ಟುವ ಪ್ರತಿ ವಿಷಯಕ್ಕೂ ಬಿಡಿಬಿಡಿಯಾಗಿ ಕನಿಷ್ಠ 2 ಬರಬೇಕು, ಇಲ್ಲದಿದ್ದರೆ ಸೈನ್‌ಆಫ್ ಇಲ್ಲ.

3 ಕೊಡುವ ಮುಂಚೆ ಕೇಳಲು ಒಂದು ಒಳ್ಳೆಯ ಪ್ರಶ್ನೆಯಿದೆ: ‘ಇದರಲ್ಲಿ ನೀವು ಮುಟ್ಟಬಾರದ್ದು ಯಾವುದು?’ ಎರಡು ಜಾಬ್‌ಗಳ ನಡುವೆ 20 ನಿಮಿಷ ಸುಮ್ಮನೆ ಕಾಯುವ ಒಂದು ಸ್ಟೆಪ್ ಇರುತ್ತದೆ. ಬ್ಯಾಂಕಿನ ಫೈಲ್ ತಡವಾಗಿ ಬರುತ್ತದೆಂದು ಯಾರೋ ಎಂದೋ ಹಾಕಿದ್ದು. ಕಾರಣ ಗೊತ್ತಿಲ್ಲದ ಹೊಸ ತಂಡ ಮೊದಲ ಸುಧಾರಣೆ ಎಂದು ತೆಗೆಯುವುದು ಅದನ್ನೇ.

ಇನ್ನು ಕ್ಯಾಲೆಂಡರ್. ನಾಲ್ಕು ವಾರದ ಕೆಟಿಯಲ್ಲಿ ಹೆಚ್ಚೆಂದರೆ ಒಂದು ತಿಂಗಳ ಕೊನೆ ಸಿಗುತ್ತದೆ. ಕ್ವಾರ್ಟರ್ ಕೊನೆ, ವರ್ಷದ ಕೊನೆ ಅದರೊಳಗೆ ಬೀಳದೇ ಹೋಗಬಹುದು. ವರ್ಷಕ್ಕೊಮ್ಮೆ ಬರುವ ಸರ್ಟಿಫಿಕೇಟ್ ಬದಲಾವಣೆಯದೂ ಅದೇ ಕತೆ. ಕೆಟಿ ಅವಧಿಯ ಆಚೆ ಬೀಳುವ ಕೆಲಸಗಳನ್ನು ಬೇರೆಯೇ ಪಟ್ಟಿ ಮಾಡಿ, ಕ್ವಾಲಿಟಿಯಲ್ಲಿ ಹೊಸಬರ ಕೈಯಿಂದಲೇ ಒಮ್ಮೆ ಓಡಿಸಿಬಿಡಬೇಕು.

ಸಂಜೆ ಐದಕ್ಕೆ ಹಾಳೆಯಲ್ಲಿ ನಾಲ್ಕೈದು ಸಾಲು ಕೆಂಪಾಗಿದ್ದರೆ ಮ್ಯಾನೇಜರ್ ಮುಖ ಬಾಡುತ್ತದೆ. ಬಾಡಲಿ. ರನ್‌ಬುಕ್ಕಿನಲ್ಲಿ ಬಿಟ್ಟುಹೋದ ಸಾಲುಗಳನ್ನು ಹಳಬರಲ್ಲ, ಹೊಸಬರೇ ಬರೆಯಬೇಕು, ಹಳಬರು ತಿದ್ದಬೇಕು. ಕೆಂಪು ಸಾಲುಗಳಿಗೆ ಮರುಪರೀಕ್ಷೆಯ ದಿನಾಂಕ ಹಾಕುವಾಗ ಪಕ್ಕದಲ್ಲೇ ಹಳಬರ ಲಾಗಿನ್ ಮುಗಿಯುವ ದಿನಾಂಕವನ್ನೂ ಬರೆದು ನೋಡಿ. ಅದು ಮರುಪರೀಕ್ಷೆಗಿಂತ ಹಿಂದೆ ಇದ್ದರೆ, ಅಕ್ಸೆಸ್ ವಿಸ್ತರಿಸುವ ಟಿಕೆಟನ್ನು ಅವತ್ತೇ ಹಾಕಿ ಮನೆಗೆ ಹೋಗಿ.