ಪಾಳು ಕೋಟೆ ತೋರಿಸುವ ಕೆಲಸ ದಾರಿಯಲ್ಲೇ ಶುರು

ಕರ್ನಾಟಕದಿಂದ ಬರುವ ಗುಂಪುಗಳಿಗೆ ಬ್ರಿಟನ್ ತೋರಿಸುವುದು ನನ್ನ ಕೆಲಸ. ಅರಮನೆ, ಮ್ಯೂಸಿಯಂ ಆದರೆ ಸುಲಭ. ನೋಡಬೇಕಾದ್ದೆಲ್ಲ ಕಣ್ಣೆದುರೇ ಇರುತ್ತದೆ. ಪಾಳು ಕೋಟೆ ಹಾಗಲ್ಲ. ಸುಮ್ನೆ ಕರೆದುಕೊಂಡು ಹೋಗಿ ನಿಲ್ಲಿಸಿದರೆ "ಇಷ್ಟೇನಾ?" ಅಂತಾರೆ. ಅದು ಅವರ ತಪ್ಪಲ್ಲ.

ನನಗೆ ಈ ಪಾಠ ಕಲಿಸಿದ್ದು ಇಂಗ್ಲೆಂಡಿನ ಉತ್ತರ ತುದಿಯ ನಾರ್ಥಂಬರ್ಲೆಂಡ್ ಕರಾವಳಿಯ ಡನ್‌ಸ್ಟನ್‌ಬರಾ ಕೋಟೆ. ಅಲ್ಲಿಗೆ ಬಸ್ ಹೋಗುವುದಿಲ್ಲ. ಕ್ರಾಸ್ಟರ್ ಎಂಬ ಮೀನುಗಾರರ ಊರಲ್ಲಿ ಇಳಿದು, ಸಮುದ್ರದ ದಂಡೆಗುಂಟ ಹುಲ್ಲುಗಾವಲಲ್ಲಿ ಸುಮಾರು 2 ಕಿಲೋಮೀಟರ್ ನಡೆಯಬೇಕು. ಕೋಟೆ ದೂರದಿಂದಲೇ ಕಾಣುತ್ತಿರುತ್ತದೆ. ಕಥೆ ಹೇಳಬೇಕಾದ್ದು ಅಲ್ಲೇ. ಬಾಗಿಲ ಹತ್ತಿರ ಹೋದಮೇಲೆ ಗಾಳಿಗೆ ಅರ್ಧ ಮಾತು ಕೇಳುವುದೇ ಇಲ್ಲ.

ಕಥೆ ನಮ್ಮವರಿಗೆ ಬೇಗ ಹಿಡಿಸುತ್ತದೆ, ಯಾಕಂದ್ರೆ ಅದು ದಾಯಾದಿ ಜಗಳ. ಕೋಟೆ ಕಟ್ಟಿಸಿದ ಥಾಮಸ್, ಲ್ಯಾಂಕಾಸ್ಟರ್‌ನ ಅರ್ಲ್, ಅಂದರೆ ದೊಡ್ಡ ಜಹಗೀರುದಾರ. ಇಂಗ್ಲೆಂಡಿನ ದೊರೆ ಎರಡನೇ ಎಡ್ವರ್ಡ್‌ನ ಚಿಕ್ಕಪ್ಪನ ಮಗ. ದೊರೆಯ ಆಪ್ತ ಪಿಯರ್ಸ್ ಗ್ಯಾವೆಸ್ಟನ್‌ನನ್ನು 1312ರಲ್ಲಿ ಕೊಲ್ಲಿಸಿದವರಲ್ಲಿ ಥಾಮಸನೂ ಒಬ್ಬ. ಮರುವರ್ಷವೇ ಇಲ್ಲಿ ಕೆಲಸ ಶುರುವಾಯಿತು. 1322ರಲ್ಲಿ ಬರೋಬ್ರಿಡ್ಜ್ ಯುದ್ಧದಲ್ಲಿ ಸೋತು ಸಿಕ್ಕಿಬಿದ್ದ. ದೊರೆ ಅವನ ತಲೆ ತೆಗೆಸಿದ.

ಇಷ್ಟು ಹೇಳಿ ಕೋಟೆಯ ಹೊರಗಿನ ತಗ್ಗು ಜಾಗ ತೋರಿಸುತ್ತೇನೆ. ಈಗ ಬರೀ ಹುಲ್ಲು, ಜೌಗು. ಆಗ ಅಲ್ಲಿ ಮೂರು ಕೆರೆ ಮಾಡಿಸಿದ್ದರು. ಕೋಟೆ ನೀರಿನ ನಡುವೆ ಎದ್ದು ನಿಂತ ಹಾಗೆ ಕಾಣಬೇಕಿತ್ತು. ಬರುವವನ ಎದೆ ಝಲ್ ಎನ್ನಲಿ ಅಂತಲೇ ಮಾಡಿಸಿದ ಏರ್ಪಾಡು ಇದು. ಅಂದರೆ ನಡೆದು ಬರುವ ದಾರಿಯನ್ನೂ ಕಟ್ಟಿಸಿದವರು ಯೋಚಿಸಿಯೇ ಇಟ್ಟಿದ್ದರು. ಇದು ಗೊತ್ತಾದಮೇಲೆ ಆ 2 ಕಿಲೋಮೀಟರ್ ಬಗ್ಗೆ ಯಾರೂ ಗೊಣಗುವುದಿಲ್ಲ.

ಹೆಬ್ಬಾಗಿಲಿಗೆ ಬಂದಾಗ ಒಂದೇ ಮಾತು ಹೇಳುತ್ತೇನೆ. ಎರಡು ಗುಂಡನೆಯ ಬುರುಜುಗಳ ನಡುವಿನ ಈ ದಾರಿಯನ್ನು 1380ರ ದಶಕದಲ್ಲಿ, ಆಗ ಕೋಟೆಯ ಒಡೆಯನಾಗಿದ್ದ ಜಾನ್ ಆಫ್ ಗಾಂಟ್ ಮುಚ್ಚಿಸಿ, ಪಕ್ಕದಲ್ಲಿ ಬೇರೆ ಬಾಗಿಲು ಮಾಡಿಸಿದ. ಮೇಲಿನ ಮಹಡಿಯಲ್ಲಿ ಥಾಮಸನ ದೊಡ್ಡ ಸಭಾಂಗಣವಿತ್ತು. ಈಗ ಅದಕ್ಕೆ ಸೂರಿಲ್ಲ. ಆಮೇಲೆ ನಾನು ಮಾತಾಡುವುದಿಲ್ಲ. ಅವರೇ ಗೋಡೆ ಮುಟ್ಟಿ ನೋಡುತ್ತಾರೆ, ಸುತ್ತು ಮೆಟ್ಟಿಲು ಹತ್ತುತ್ತಾರೆ. ಒಮ್ಮೆ ಹುಬ್ಬಳ್ಳಿ ಕಡೆಯ ಒಬ್ಬ ಅಜ್ಜಿ ಕಲ್ಲಿನ ಮೇಲೆ ಕೈ ಇಟ್ಟುಕೊಂಡೇ ಕೇಳಿದರು: "ಇಷ್ಟೆಲ್ಲಾ ಕಟ್ಟಿಸಿದ್ನಲ್ಲಪ್ಪಾ, ಇಲ್ಲಿ ಎಷ್ಟು ದಿನ ಇದ್ದ?"

"ಜಾಸ್ತಿ ದಿನ ಇರ್ಲಿಲ್ಲ ಅಮ್ಮಾ" ಅಂದೆ. ಅವರು ತುಂಬ ಹೊತ್ತು ಅಲ್ಲಿಂದ ಕದಲಲಿಲ್ಲ. ಅಂಥ ಪ್ರಶ್ನೆ ಬಂದ ದಿನ ನನಗೆ ಕೆಲಸ ಮಾಡಿದ ತೃಪ್ತಿ.

ಹೊಸದಾಗಿ ಸೇರುವ ಗೈಡ್‌ಗಳಿಗೆ ನಾನು ಹೇಳುವುದು: ಬಸ್ ತಡವಾಗಿ ಬಂದು ಸಮಯ ಸಾಲದೇ ಹೋದರೆ ಒಳಗಿನ ಸುತ್ತಾಟ ಕಡಿಮೆ ಮಾಡಿ. ದಾರಿಯಲ್ಲಿ ಓಡಿಸಬೇಡಿ.