ಚಿಕ್ಕಮ್ಮನ ಜ್ವರ ಮತ್ತು ಉಳಿದಿದ್ದ ನಾಲ್ಕು ಗುಳಿಗೆ

ಸಿಂಧನೂರಿನ ನಮ್ಮ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್. ಮೂರನೇ ಕೀಮೋ ಆಗಿ ಒಂಬತ್ತನೇ ದಿನ ರಾತ್ರಿ ಮೈ ಕೆಂಡದಂತೆ ಸುಡುತ್ತಿತ್ತು. "ಬಿಸಿಲಿಗೆ ಆಗಿರಬೇಕು ಬಿಡಪ್ಪ" ಅಂತ ಹಳೇ ಬಿಸ್ಕತ್ತಿನ ಡಬ್ಬಿ ತೆಗೆದರು. ಅದರಲ್ಲಿ ಹೋದ ವರ್ಷ ಅರ್ಧಕ್ಕೇ ಬಿಟ್ಟಿದ್ದ ಆಂಟಿಬಯೋಟಿಕ್ ಪಟ್ಟಿ, ಮೇಲೆ ಡಾಕ್ಟರ್ ಚೀಟಿ ಇಲ್ಲದೆ ತಗೋಬಾರದು ಅನ್ನುವ ಕೆಂಪು ಗೆರೆ, ಇನ್ನೂ ನಾಲ್ಕು ಗುಳಿಗೆ. ನಾನು ಇಸಿದುಕೊಂಡೆ. ಥರ್ಮಾಮೀಟರ್ 101 ತೋರಿಸಿತು. ಆಗಲೇ ಗಾಡಿ ಮಾಡಿಕೊಂಡು ರಾಯಚೂರಿಗೆ ಹೊರಟೆವು.

ಕೀಮೋ ಕ್ಯಾನ್ಸರ್ ಕೋಶದ ಜೊತೆಗೆ ರೋಗಾಣುಗಳ ಜೊತೆ ಹೋರಾಡುವ ಬಿಳಿ ರಕ್ತಕಣಗಳನ್ನೂ ಇಳಿಸಿಬಿಡುತ್ತದೆ, ಅದೂ ಒಂದೆರಡು ವಾರದೊಳಗೆ ಜಾಸ್ತಿ, ಹಾಗಾಗಿ ಆ ದಿನಗಳಲ್ಲಿ ಜ್ವರ 100.4 ದಾಟಿದರೆ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಯಾವ ರೋಗಾಣು ಅಂತ ನೋಡುವ ಕಲ್ಚರ್ ಪರೀಕ್ಷೆಗೆ ರಕ್ತ ತೆಗೆದು, ತಕ್ಷಣ ನರಕ್ಕೆ ಆಂಟಿಬಯೋಟಿಕ್ ಏರಿಸುತ್ತಾರೆ. ರೋಗಾಣು ಅದಕ್ಕೆ ಬಗ್ಗದಿದ್ದರೆ? ಮುಂದಿನ ಕೀಮೋ ತಡವಾಗುತ್ತದೆ, ಜೀವಕ್ಕೇ ಕುತ್ತು ಬರಬಹುದು. ಪೆನ್ಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಕಡಿಮೆ ಡೋಸ್ ತಗೊಂಡರೆ ರೋಗಾಣು ಔಷಧಿಗೆ ಬಗ್ಗದಂತಾಗುವ ಅಪಾಯ ಹೇಳಿದ್ದರು. 2019ರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅಂತ ಅಂದಾಜು. ಎಷ್ಟು ದೊಡ್ಡ ಸಂಖ್ಯೆ, ಅಲ್ವಾ?

ಇನ್ನೊಂದು ವಿಷಯ ನನ್ನನ್ನು ಬೆರಗುಗೊಳಿಸಿತು. ಚಿಕ್ಕಮ್ಮನಿಗೆ ಏರಿಸುವ ಆ ಕೆಂಪು ಕೀಮೋ ಔಷಧಿ ಡಾಕ್ಸೊರುಬಿಸಿನ್ ಕೂಡ, ಹಲವು ಆಂಟಿಬಯೋಟಿಕ್‌ಗಳ ಹಾಗೆ, ಮೂಲದಲ್ಲಿ ಮಣ್ಣಿನ ಬ್ಯಾಕ್ಟೀರಿಯಾದಿಂದಲೇ ಬಂದದ್ದು.

ಐದು ದಿನಕ್ಕೆ ಜ್ವರ ಇಳಿಯಿತು. ಈಗ ಥರ್ಮಾಮೀಟರ್ ದೇವರ ಗೂಡಿನ ಪಕ್ಕದ ಮೊಳೆಗೆ ನೇತಾಡುತ್ತಿದೆ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಚಿಕ್ಕಮ್ಮ ತಾವೇ ನೋಡಿಕೊಂಡು ನನಗೆ ಫೋನ್ ಮಾಡುತ್ತಾರೆ.